ಮೊದಲ ಸಾಲಿನ ನೆರಳು

ಇದನ್ನು ಹೇಳುವಷ್ಟು ಓದು ನನಗಿಲ್ಲ. ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಹೇಳಬೇಕಾದವರು ಕೆಲಸದ ಮೇಲಿದ್ದರು, ಅದಕ್ಕೇ ನಾನು.

"ಮುದುಕಿ, ನಿನ್ನ ದರಿದ್ರ ನೆರಳು ಎತ್ಕೊಂಡು ಆಚೆ ಸಾಯೇ."

ಮೇಸ್ತ್ರಿ ಹೀಗಂದಾಗ, ಕೇರಿಯವರೆಲ್ಲ ದೊಡ್ಡಮ್ಮ ಎಂದು ಕರೆಯುವ ಆ ಮುದುಕಿ ಉದ್ದ ಕೋಲಿನ ಒರಸುಬಟ್ಟೆ ಹಿಡಿದು ಸೋಲಾರ್ ಹಲಗೆಯ ಗಾಜು ತೊಳೆಯುತ್ತಿದ್ದಳು. ನೆರಳನ್ನು ಹೇಗೆ ಎತ್ತಿಕೊಳ್ಳಬೇಕೆಂದು ತಿಳಿಯದೆ ತಾನೇ ಪಕ್ಕಕ್ಕೆ ಸರಿದಳು. ನೆರಳೂ ಹಿಂದೆಯೇ ಬಂತು.

ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆಂದು ತೊಳೆಯುವ ಹೆಂಗಸರು ನಸುಕಿಗೇ ಬಂದು, ಬಿಸಿಲೇರುವ ಮೊದಲು ಜಾಗ ಖಾಲಿ ಮಾಡಬೇಕಿತ್ತು. ಅಂದು ನೀರಿನ ಟ್ಯಾಂಕರ್ ತಡವಾಗಿತ್ತು. ಟ್ಯಾಂಕರಿಗೆ ಬೈಯಲಾಗದ ಮೇಸ್ತ್ರಿ ನೆರಳಿಗೆ ಬೈದ. ಬೈಯುತ್ತಲೇ ಪಾಠವನ್ನೂ ಮಾಡಿದ: ಹಲಗೆಗಳು ಕೈ ಕೈ ಹಿಡಿದ ಹಾಗೆ ಸಾಲಾಗಿ ನಿಂತಿವೆ, ಒಂದರ ಮೇಲೆ ನೆರಳು ಬಿದ್ದರೆ ಸಾಲಿಗೆ ಸಾಲೇ ಮಂಕಾಗುತ್ತದೆ, ಎಷ್ಟು ಕರೆಂಟು ಹುಟ್ಟಿತೆಂದು ಆ ಸಾಲಿನ ತುದಿಯ ಕಂಬದಲ್ಲಿ ತೋರಿಸುವ ಅಂಕಿ ಇಳಿಯುತ್ತದೆ. ದೊಡ್ಡಮ್ಮನ ತಾಯಿಯ ನೆರಳನ್ನು ಧಣಿಯ ಜಗುಲಿಯಿಂದ ದೂರ ಇಡಿಸುತ್ತಿದ್ದರು. ಆಗ ಯಾರೂ ಕಾರಣ ಹೇಳುತ್ತಿರಲಿಲ್ಲ. ಈಗ ಹೇಳುತ್ತಾರೆ.

ಹಲಗೆಗಳು ನಿಂತಿದ್ದ ಆ ಹೊಲ ಮೊದಲು ಅವಳ ಮನೆಯವರು ಧಣಿಯಿಂದ ಗೇಣಿಗೆ ಮಾಡುತ್ತಿದ್ದದ್ದು. ಧಣಿ ಅದನ್ನು ಸೋಲಾರ್ ಕಂಪನಿಗೆ ಕೊಟ್ಟಾಗ, ಮೊದಲ ಕರೆಂಟಿನ ತಂತಿ ನಿಮ್ಮ ಕೇರಿಗೇ ಅಂದಿದ್ದ. ತಂತಿ ಬಂತು. ಕೇರಿಯ ನೆತ್ತಿಯ ಮೇಲಿಂದ ಹಾದು ಹೋಯಿತು.

ಅವಳ ಮೊಮ್ಮಗಳಿಗೆ ಉಬ್ಬಸ. ಆಸ್ಪತ್ರೆಯವರು ಉಸಿರಿನ ಮಷೀನು ಕೊಟ್ಟಿದ್ದರು. ಮನೆಯಲ್ಲಿ ಕರೆಂಟಿದೆಯಾ ಎಂದು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಮಷೀನು ಹಳೇ ಸೀರೆಯ ಚೂರು ಸುತ್ತಿಕೊಂಡು ಗೂಡಿನಲ್ಲಿ ಕೂತಿತ್ತು. ಕೆಮ್ಮು ಹತ್ತಿದಾಗ ಸೊಸೆ ಒಂದು ಕಂಕುಳಲ್ಲಿ ಮಗು, ಇನ್ನೊಂದರಲ್ಲಿ ಮಷೀನು ಇರುಕಿಕೊಂಡು ಪೇಟೆಯ ಕ್ಷೌರದ ಅಂಗಡಿಗೆ ಓಡುತ್ತಿದ್ದಳು. ಕ್ಷೌರಿಕ ಒಳ್ಳೆಯವನು, ಅರ್ಧ ಬೋಳಿಸಿದ ಗಿರಾಕಿಯನ್ನು ಎಬ್ಬಿಸಿಯಾದರೂ ಪ್ಲಗ್ ಬಿಟ್ಟುಕೊಡುತ್ತಿದ್ದ. ಅಂಗಡಿ ಮುಚ್ಚಿದ ಮೇಲೆ ಮಗುವೇ ಹೇಗೋ ಉಸಿರಾಡಬೇಕು.

ಅಂದು ಸಂಜೆ ದೊಡ್ಡಮ್ಮ ಧಣಿಯ ಮೆಟ್ಟಿಲ ಕೆಳಗೆ ನಿಂತು ತಂತಿ ಕೇಳಿದಳು. ಅವನು ಹಲ್ಲು ಕೆದಕುತ್ತಿದ್ದ.

"ಇದು ದೇಶಕ್ಕೆ ಹೋಗೋ ಕರೆಂಟು. ನಿನ್ನ ಗುಡಿಸಲಿಗೆ ತಿರುಗಿಸೋಕೆ ಇದೇನು ಬಚ್ಚಲ ನೀರೇನೇ?"

"ನಾವು ದೇಶದಲ್ಲಿ ಇಲ್ವಾ ಧಣಿ?"

"ನಾಲಿಗೆ ಉದ್ದ ಆಯ್ತು ನಿಂದು. ನಾಳೆ ಕಂಪನಿ ಸಾಹೇಬ್ರು ನೋಡೋಕೆ ಬರ್ತಾರೆ. ತೊಳೆದು ತೊಲಗ್ತಾ ಇರಿ. ಒಂದು ಮುಂಡೇದೂ ಅಲ್ಲಿ ಕಣ್ಣಿಗೆ ಬೀಳಬಾರದು."

ಕೇರಿಯಲ್ಲಿ ಇದನ್ನು ಹೇಳಿದಾಗ ಜೊತೆಯ ಹೆಂಗಸರು ನಕ್ಕರು. ಸೊಸೆ ನಗಲಿಲ್ಲ. ಮಗುವಿನ ಎದೆ ನೀವುತ್ತಾ ಕೇಳಿದಳು: "ಅತ್ತೆ, ಅಂಕಿ ಇಳಿಯುತ್ತೆ ಅಂದ್ನಲ್ಲ ಆ ಮೇಸ್ತ್ರಿ, ನಿಜಾನಾ?"

ಬೆಳಿಗ್ಗೆ ಸಾಹೇಬರು ಬಂದು ಮೊದಲ ಸಾಲಿನ ಕಂಬದ ಮುಂದೆ ನಿಂತರು. ಧಣಿ ಅಂಕಿ ತೋರಿಸುತ್ತಿದ್ದ. ಬಿಸಿಲು ಇನ್ನೂ ಎಳೆಯದು, ನೆರಳುಗಳು ಉದ್ದ. ದೊಡ್ಡಮ್ಮ ಬಂದು ಸೂರ್ಯನಿಗೆ ಬೆನ್ನು ಕೊಟ್ಟು ಗಾಜಿನ ಮುಂದೆ ನಿಂತಳು. ಪಕ್ಕದಲ್ಲಿ ಸೊಸೆ, ಕಂಕುಳಲ್ಲಿ ಮಗು. ಆಮೇಲೆ ಉಳಿದವರು, ಒಬ್ಬೊಬ್ಬರಾಗಿ, ಸಾಲಿನುದ್ದಕ್ಕೂ.

ಅಂಕಿ ಇಳಿಯಿತು.

"ಮೋಡ ಬಂತೇನ್ರೀ?" ಎಂದರು ಸಾಹೇಬರು. ಎಲ್ಲರೂ ಮೇಲೆ ನೋಡಿದರು. ಆಕಾಶ ತೊಳೆದಿಟ್ಟ ಹಾಗಿತ್ತು.

ಮೇಸ್ತ್ರಿ ಓಡಿ ಬಂದ. "ಬೇವರ್ಸಿಗಳಾ, ಜಾಗ ಬಿಡ್ರೇ."

"ನಾವೇನೂ ಮುಟ್ಟಿಲ್ಲಪ್ಪ" ಎಂದಳು ದೊಡ್ಡಮ್ಮ. "ನೆರಳು ಅದು. ನಮಗೆ ಎತ್ಕೊಳ್ಳೋಕೆ ಬರ್ತಿಲ್ಲ. ನೀನೇ ಎತ್ತಿ ಆಚೆ ಹಾಕು."

ಅಂಕಿ ಇನ್ನೂ ಇಳಿಯಿತು. ಮಗು ಕೆಮ್ಮಿತು. ಯಾರೂ ಕದಲಲಿಲ್ಲ.

ನನಗೆ ತಿಳಿದದ್ದು ಇಷ್ಟೇ. ಆಮೇಲೆ ಪೊಲೀಸ್ ಜೀಪು ಬಂತೆಂದು ಕೆಲವರು ಹೇಳುತ್ತಾರೆ, ತಂತಿ ಎಳೆಯುವವನು ಬಂದನೆಂದು ಕೆಲವರು. ಕ್ಷೌರಿಕನನ್ನು ಕೇಳಿದೆ. ಈಚೆಗೆ ಆ ಮಷೀನು ತನ್ನ ಅಂಗಡಿಗೆ ಬಂದಿಲ್ಲ ಅಂದ. ಯಾಕೆ ಬಂದಿಲ್ಲವೆಂದು ಅವನಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.