ಮಂಗಳವಾರದ ಬಾಗಿಲುಗಳು

ಆರ್ಡಿಸ್ ಸ್ಟೂಲಿನ ಮೇಲೆ ನಿಂತು, ಹಳೇ ಬೆಡ್‌ಶೀಟಿನ ತುಂಡೊಂದನ್ನು ಅಡುಗೆಮನೆಯ ಕಪಾಟಿಗೆ ಗುಂಡುಪಿನ್ನಿನಿಂದ ಚುಚ್ಚುತ್ತಿದ್ದಳು. ಮೈಮೇಲೆ ಕಪ್ಪು ಉಡುಪು, ತುಟಿಗಳ ನಡುವೆ ನಾಲ್ಕು ಪಿನ್ನು. ಹನ್ನೊಂದಕ್ಕೆ ಚರ್ಚಿನಲ್ಲಿ ಅವಳ ಗಂಡ ವರ್ಲಿನ್‌ನ ಅಂತ್ಯಕ್ರಿಯೆ. ಗಡಿಯಾರದಲ್ಲಿ ಆಗ ಒಂಬತ್ತು.

"ಇಳಿಯೇ ಕೆಳಗೆ. ಇವತ್ತು ನಿನ್ನನ್ನೂ ಹೂಳಬೇಕಾ ನಾವು?" ವರ್ಲಿನ್‌ನ ತಂಗಿ ಲವಾನ್ ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಮಧ್ಯಾಹ್ನ ಜನ ಬರ್ತಾರೆ. ಬಾಗಿಲೇ ಇಲ್ಲದ ಕಪಾಟು ನೋಡಿ ಏನಂದ್ಕೋತಾರೆ?"

"ಎರಡು ವರ್ಷದಿಂದ ನೋಡ್ತಾನೇ ಇದಾರಲ್ಲ."

"ಆಗ ಅವನಿದ್ದ. ತೋರಿಸಿ ಬೈಯೋಕೆ ಒಬ್ಬ ಇದ್ದ," ಎಂದಳು ಆರ್ಡಿಸ್. ಮುಂದಿನ ಪಿನ್ನು ಮರಕ್ಕೆ ಹೋಗದೆ ಬೆರಳಿಗೆ ಚುಚ್ಚಿತು.

ವರ್ಲಿನ್ ಊರಿನ ಹಾರ್ಡ್‌ವೇರ್ ಅಂಗಡಿಯ ಬಣ್ಣದ ಕೌಂಟರಿನಲ್ಲಿ ಮೂವತ್ತೊಂದು ವರ್ಷ ನಿಂತವನು. ಬಣ್ಣ ಸಿಂಪಡಿಸುವ ಸ್ಪ್ರೇ ಯಂತ್ರ ಬೇಕೆಂದು ಹೋದವರನ್ನು ಪರೀಕ್ಷೆಗೆ ಕೂರಿಸದೆ ಬಿಟ್ಟವನಲ್ಲ. ಕೇಳುವುದು ಮೂರೇ ಪ್ರಶ್ನೆ. ಬಳಿಯುವುದು ಏನನ್ನು? ಅದರ ಪಕ್ಕದಲ್ಲಿ ಏನಿದೆ? ಆಮೇಲೆ ಯಂತ್ರ ತೊಳೆಯುವ ತಾಳ್ಮೆ ಇದೆಯಾ? ಮೂರನೆಯದಕ್ಕೆ ತಡವರಿಸಿದವರ ಕೈಗೆ ಬ್ರಷ್ಷು ಕೊಟ್ಟು ಕಳಿಸುತ್ತಿದ್ದ.

ಇಂಥವನ ಸ್ವಂತ ಅಡುಗೆಮನೆಗೆ ಮಾತ್ರ ಬಣ್ಣವಿರಲಿಲ್ಲ.

*

ಹೋದ ವರ್ಷದ ಹಿಂದಿನ ಶರತ್ಕಾಲದಲ್ಲಿ ಅವನೇ ಇಪ್ಪತ್ಮೂರು ಬಾಗಿಲುಗಳನ್ನೂ ಬಿಚ್ಚಿದ್ದ. ನಲವತ್ತು ವರ್ಷದ ಓಕ್ ಮರ, ಒಲೆಯ ಎಣ್ಣೆ ಹೊಗೆಗೆ ಕಂದಿ ಕಪ್ಪಾಗಿತ್ತು. ಆರ್ಡಿಸ್ ಕೇಳಿದ್ದು ಬಿಳಿ ಬಣ್ಣ.

"ನಮ್ಮ ಗ್ಯಾರೇಜಲ್ಲಿ ಧೂಳು. ಡೆಲ್ಮರ್ ಶೆಡ್ಡಲ್ಲಿ ಹೊಡೀತೀನಿ," ಎಂದು ಪಕ್ಕದ ಹೊಲದ ಗೆಳೆಯನ ಗಾಡಿಗೆ ಅವನ್ನೆಲ್ಲ ತುಂಬಿಸಿದ.

"ಎಷ್ಟು ದಿನ?"

"ಯಾವ ಯಂತ್ರ ಅಂತ ಯೋಚನೆ ಮಾಡ್ಬೇಕು."

ಆ ಯೋಚನೆ ಹಿಮಗಾಲ ದಾಟಿತು, ಬೇಸಿಗೆ ದಾಟಿತು, ಮತ್ತೊಂದು ಹಿಮಗಾಲವನ್ನೂ ಬೇಸಿಗೆಯನ್ನೂ ದಾಟಿತು. ಪ್ರತಿ ಮಂಗಳವಾರ ಡೆಲ್ಮರ್ ಮನೆಗೆಂದು ಹೋಗಿ ಬರುತ್ತಿದ್ದ. ಇಸ್ಪೀಟು ಆಡಲು ಹೋಗುತ್ತಾನೆಂದು ಆರ್ಡಿಸ್ ತಿಳಿದಿದ್ದಳು. ಕೇಳಿದರೆ, "ಇನ್ನೂ ಯೋಚನೆ ಮಾಡ್ತಿದೀನಿ," ಎಂದು ನಗುತ್ತಿದ್ದ.

ಈ ಬುಧವಾರ ಬೆಳಿಗ್ಗೆ ಅವಳ ಸಹನೆ ತಪ್ಪಿತು. "ಕಂಡವರ ಮನೆ ಗೋಡೆ ಮೇಲಿರೋ ಪ್ರೀತಿ ನಿನಗೆ ಈ ಮನೆ ಮೇಲಿಲ್ಲ. ಯಾವತ್ತೂ ಇರಲಿಲ್ಲ," ಎಂದಳು. ಅವನು ಅರ್ಧ ಲೋಟ ಕಾಫಿ ಕುಡಿದು, ಟೋಪಿ ಹಾಕಿಕೊಂಡು ಅಂಗಡಿಗೆ ಹೋದ. ಹತ್ತೂವರೆಗೆ ಕೌಂಟರಿನ ಹಿಂದೆಯೇ ಹೃದಯ ನಿಂತಿತು.

*

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹಂದಿಮಾಂಸದ ಬನ್ನು, ಬೇಯಿಸಿದ ಆಲೂಗಡ್ಡೆಯ ಖಾದ್ಯ, ದೊಡ್ಡ ಪಾತ್ರೆಯಲ್ಲಿ ತೆಳು ಕಾಫಿ. ಹಾಲಿನ ದನ ಸಾಕುವ ಎಲ್ರಾಯ್ ತಟ್ಟೆ ಹಿಡಿದು ಆರ್ಡಿಸಳ ಎದುರೇ ಕೂತ.

"ನನ್ನ ಕೊಟ್ಟಿಗೆಗೆ ದೊಡ್ಡ ಯಂತ್ರ ಕೊಟ್ಟ ಪುಣ್ಯಾತ್ಮ. 'ಗಾಳಿ ಬೀಸೋ ದಿನ ಮುಟ್ಬೇಡ' ಅಂತ ಮೂರು ಸಲ ಹೇಳಿದ. ನಾನು ಕೇಳ್ಬೇಕಲ್ಲ! ಪಕ್ಕದವನ ಹನ್ನೆರಡು ಕರೀ ಹಸುಗೂ ಬಿಳಿ ಸಿಡುಬು ಬಂತು."

"ಹಸು ತೊಳೆಯೋಕೆ ಬಂದಿದ್ದು ಯಾರು?" ಎಂದು ಲವಾನ್ ಕೇಳಿದಳು.

"ಇನ್ಯಾರು, ಅವನೇ! ಭಾನುವಾರ ಪೂರ್ತಿ ನನ್ನ ಜೊತೆ ಬಾಲ ಉಜ್ಜಿದಾನೆ."

ಮೇಜಿಗೆ ಮೇಜೇ ನಕ್ಕಿತು. ಶಾಲೆಯಲ್ಲಿ ಪಾಠ ಹೇಳುವ ಮಾರ್ಲಿಸ್ ಕಣ್ಣೊರೆಸಿಕೊಂಡಳು. "ಮೂರು ವರ್ಷದ ಹಿಂದೆ ನಾನು ಮಗೂ ತೊಟ್ಟಿಲಿಗೆ ಅಂತ ಆ ದೊಡ್ಡ ಯಂತ್ರಾನೇ ಕೇಳಿದ್ದೆ. 'ತೊಟ್ಟಿಲಿಗೆ ಫಿರಂಗಿ ಯಾಕಮ್ಮಾ' ಅಂದ. ಸಂಜೆ ಮನೆಗೇ ಬಂದು ತಾನೇ ಬಳಿದು ಕೊಟ್ಟು ಹೋದ."

ಆರ್ಡಿಸ್ ಎಲ್ಲರೊಂದಿಗೂ ನಕ್ಕಳು. ಒಳಗೆ ಮಾತ್ರ ಒಂದೊಂದು ಕತೆಯೂ ಮುಳ್ಳಿನಂತೆ ನಾಟುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ. ಹಸುವಿನ ಬಾಲಕ್ಕೆ ಒಂದು ಭಾನುವಾರ ಸಿಕ್ಕಿತು, ತೊಟ್ಟಿಲಿಗೆ ಒಂದು ಸಂಜೆ ಸಿಕ್ಕಿತು. ತಾನು ಬುಧವಾರ ಆಡಿದ ಮಾತು ನಿಜವೇ ಇರಬೇಕು ಎನಿಸಿ ಅವಳು ಬನ್ನನ್ನು ತಟ್ಟೆಗೇ ಇಟ್ಟಳು. ನಿಜವಾದರೆ ಅವನಿಗಾಗಿ ಹೇಗೆ ಅಳುವುದು, ಸುಳ್ಳಾದರೆ ತನ್ನನ್ನು ಹೇಗೆ ಕ್ಷಮಿಸಿಕೊಳ್ಳುವುದು?

ಡೆಲ್ಮರ್ ಊಟ ಮಾಡಿರಲಿಲ್ಲ. ಕೈಯಲ್ಲಿ ಟೋಪಿ ತಿರುಗಿಸುತ್ತ ಅವಳ ಪಕ್ಕಕ್ಕೆ ಬಂದ.

"ಆರ್ಡಿಸ್, ಮನೆಗೆ ಹೋಗೋ ದಾರೀಲಿ ಒಂದ್ನಿಮಿಷ ನನ್ನ ಶೆಡ್ಡಿಗೆ ಬರ್ತೀಯಾ?"

"ಬಾಗಿಲು ವಾಪಸ್ ತಗೊಂಡು ಹೋಗು ಅಂತ ಇವತ್ತೇ ಹೇಳ್ಬೇಕಾ ನೀನು?"

"ಬಾ, ನೋಡು," ಎಂದ ಡೆಲ್ಮರ್.

*

ಶೆಡ್ಡಿನ ಗೋಡೆಯುದ್ದಕ್ಕೂ ಹೊದಿಸಿದ್ದ ಕಂಬಳಿಗಳನ್ನು ಡೆಲ್ಮರ್ ಒಂದೊಂದಾಗಿ ಎಳೆದ. ಹಿಂದೆ ಸಾಲಾಗಿ ಬಾಗಿಲುಗಳು, ಬಿಳಿ, ಕೆನೆಗಟ್ಟಿದ ಹಾಲಿನಷ್ಟು ನುಣುಪು. ಆರ್ಡಿಸ್ ಒಂದರ ಮೇಲೆ ಅಂಗೈ ಆಡಿಸಿದಳು. ಎಲ್ಲೂ ಒಂದು ತೊಟ್ಟು ಸೋರಿರಲಿಲ್ಲ.

"ಯಾರ ಹತ್ರ ಮಾಡಿಸ್ದ?"

"ಅವನೇ. ಎರಡು ವರ್ಷ, ಇಪ್ಪತ್ತೆರಡು ಬಾಗಿಲು."

ಅವಳು ಬಾಗಿಲನ್ನು ತಿರುಗಿಸಿದಳು. ಹಿಂದೆ ಅಂಟುಪಟ್ಟಿ, ಅದರ ಮೇಲೆ ಪೆನ್ಸಿಲಿನಲ್ಲಿ ಏನೋ ಗೀಚಿತ್ತು. ಚದುರಿದ ಇರುವೆ ಸಾಲಿನಂಥ ಆ ಅಕ್ಷರ ಯಾರದೆಂದು ಮೊದಲು ತಿಳಿಯಲಿಲ್ಲ. 'ಆರ್ಡಿಸಳ ಹಿಟ್ಟು. ಒಲೆಯ ಎಡಗಡೆ.'

"ಕೈ ನಡುಗ್ತಿತ್ತು ಅವನಿಗೆ," ಎಂದ ಡೆಲ್ಮರ್. "ಬಾಗಿಲು ಬಿಚ್ಚಿದ ವರ್ಷಾನೇ ಶುರುವಾಯ್ತು. ಮೊದಲು ದೊಡ್ಡ ಯಂತ್ರ ತಂದ. ಅದು ಬಣ್ಣಾನ ರಭಸವಾಗಿ ನೂಕುತ್ತೆ, ಕೈ ಒಂದು ಚೂರು ತಪ್ಪಿದ್ರೂ ಸೋರಿ ಇಳಿದುಬಿಡುತ್ತೆ. ಐದು ಬಾಗಿಲು ಕೆಟ್ಟವು, ಐದನ್ನೂ ಉಜ್ಜಿ ತೆಗೆದ. ಆಮೇಲೆ ಕೈಲೇ ಹಿಡಿಯೋ ಚಿಕ್ಕದು. ಅದರ ಮೋಟಾರು ಅದರೊಳಗೇ ಇರುತ್ತಲ್ಲ, ಭಾರಕ್ಕೆ ಕೈ ಇನ್ನೂ ನಡುಗ್ತು. ಕೊನೆಗೆ ಇದು."

ಮೋಟಾರು ನೆಲದ ಮೇಲಿತ್ತು. ಅದರಿಂದ ಹೊರಟ ಕೊಳವೆಯ ತುದಿಯಲ್ಲಿ ಬಣ್ಣ ಚಿಮ್ಮಿಸುವ ಗನ್ನನ್ನು ಸೂರಿನ ತೊಲೆಯಿಂದ ಇಳಿಬಿಟ್ಟ ಹಗ್ಗಕ್ಕೆ ಕಟ್ಟಿತ್ತು. ಎದೆಯ ಎತ್ತರದಲ್ಲಿ ಅದು ತೂಗುತ್ತಿತ್ತು.

"ಭಾರ ಹಗ್ಗಕ್ಕೆ, ದಾರಿ ತೋರ್ಸೋದಷ್ಟೇ ಕೈಗೆ. ಎರಡೂ ಕೈಲಿ ಹಿಡಿದು, ಉಸಿರು ಕಟ್ಟಿ, ಒಂದೆಳೆ ಎಳೆದು ನಿಲ್ಸೋನು. ಎರಡು ವಾರಕ್ಕೆ ಒಂದು ಬಾಗಿಲು ಆದ್ರೆ ಹಬ್ಬ."

ಆರ್ಡಿಸಳಿಗೆ ಅರ್ಧ ಲೋಟ ಕಾಫಿ ನೆನಪಾಯಿತು. ಸೂಪು ಬೇಡ, ಬ್ರೆಡ್ಡು ಸಾಕು ಎನ್ನುತ್ತಿದ್ದುದು ನೆನಪಾಯಿತು. ಕ್ರಿಸ್‌ಮಸ್ ಕಾರ್ಡುಗಳಿಗೆ "ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ," ಎಂದದ್ದೂ. ಅದನ್ನು ಸೋಮಾರಿತನವೆಂದೇ ಬಗೆದಿದ್ದಳು.

"ನನಗ್ಯಾಕೆ ಹೇಳ್ಲಿಲ್ಲ?"

"'ಆರ್ಡಿಸ್ ನೋಡ್ಬೇಕಾದ್ದು ಬಾಗಿಲು, ನನ್ನ ಕೈ ಅಲ್ಲ' ಅಂದ."

"ಬುಧವಾರ ಅವನಿಗೆ ನಾನು ಏನಂದೆ ಗೊತ್ತಾ?"

"ಏನೋ ಅಂದಿರ್ತೀಯ. ನೀನು ಬೈದಿದ್ದನ್ನೆಲ್ಲ ಇಲ್ಲಿ ಬಂದು ಹೇಳ್ಕೊಂಡು ನಗ್ತಿದ್ದ. 'ಬೈಲಿ ಬಿಡು, ಬಾಗಿಲು ಬರೋ ದಿನ ಅವಳ ಮುಖ ನೋಡ್ತೀನಿ' ಅನ್ನೋನು."

ಆಗ ಆರ್ಡಿಸ್ ಅತ್ತಳು. ಚರ್ಚಿನಲ್ಲಿ ಬಾರದ್ದು, ಮಣ್ಣು ಹಾಕುವಾಗ ಬಾರದ್ದು, ಎಲ್ಲ ಅಲ್ಲಿ ಬಂತು. ಡೆಲ್ಮರ್ ಟೋಪಿಯನ್ನು ನೋಡುತ್ತ ನಿಂತಿದ್ದ.

ಹಗ್ಗದ ಕೆಳಗೆ, ಎರಡು ಮರದ ಸ್ಟ್ಯಾಂಡುಗಳ ಮೇಲೆ, ಒಂದು ಬಾಗಿಲು ಉಳಿದಿತ್ತು. ಉಜ್ಜಿ ಸಿದ್ಧಮಾಡಿದ ಬರಿಯ ಓಕ್. ಪಟ್ಟಿಯ ಮೇಲೆ 'ಕಾಫಿ ಲೋಟ' ಎಂದಿತ್ತು. ಅವಳು ಗನ್ನಿಗೆ ಬಣ್ಣ ತುಂಬುವ ಬಟ್ಟಲನ್ನು ಬಗ್ಗಿ ನೋಡಿದಳು. ಕಳೆದ ಮಂಗಳವಾರ ವರ್ಲಿನ್ ತೊಳೆದಿಟ್ಟದ್ದು, ಬಣ್ಣದ ಕಲೆಯಿಲ್ಲದೆ ಹೊಳೆಯುತ್ತಿತ್ತು.

*

ಹೊತ್ತು ಇಳಿಯುವ ಮುಂಚೆ ಡೆಲ್ಮರ್ ಮತ್ತು ಎಲ್ರಾಯ್ ಪಟ್ಟಿ ಓದಿಕೊಂಡು ಇಪ್ಪತ್ತೆರಡು ಬಾಗಿಲನ್ನೂ ಕೂರಿಸಿದರು. ಅಕ್ಷರ ತಿಳಿಯದೆ ಹೋದಾಗ ಆರ್ಡಿಸ್ ಓದಿ ಹೇಳಿದಳು. ಲವಾನ್ ಬೆಡ್‌ಶೀಟಿನ ತುಂಡುಗಳನ್ನು ಬಿಚ್ಚಿ ಮಡಚಿಟ್ಟಳು. ನೋಡಲು ಬಂದ ಜನರಿಂದ ಅಡುಗೆಮನೆ ತುಂಬಿಹೋಯಿತು.

"ಉಳಿದ ಆ ಒಂದನ್ನ ನಾಳೆ ನಾನೇ ಹೊಡೆದು ತರ್ತೀನಿ," ಎಂದ ಡೆಲ್ಮರ್.

"ಬೇಡ. ಹಗ್ಗ ಬಿಚ್ಬೇಡ. ಮಂಗಳವಾರ ನಾನು ಬರ್ತೀನಿ."

"ಸ್ಪ್ರೇ ಮಾಡೋಕೆ ಬರುತ್ತಾ ನಿನಗೆ?"

"ಬರಲ್ಲ. ತೊಳೆಯೋ ತಾಳ್ಮೆ ಇದೆ."

ಲವಾನ್ ಮಡಚಿಟ್ಟ ತುಂಡುಗಳಿಂದ ಒಂದನ್ನು ಎತ್ತಿಕೊಂಡು ಅವಳು ಮತ್ತೆ ಸ್ಟೂಲು ಹತ್ತಿದಳು. ಬಿಳಿ ಬಾಗಿಲುಗಳ ಸಾಲಿನ ನಡುವೆ, ಕಾಫಿ ಲೋಟಗಳ ಮುಂದೆ, ಅದನ್ನು ನಾಲ್ಕೂ ಮೂಲೆಗೆ ಪಿನ್ನು ಚುಚ್ಚಿ ನೇರವಾಗಿ ಎಳೆದು ನಿಲ್ಲಿಸಿದಳು.