ಹುಣಸೆಹುಳಿಯಲ್ಲಿ ತೊಳೆದ ಪದಕ

ಬೆರಳ ಸಂದಿಯಿಂದ ಕಪ್ಪು ನೀರು ಇಳಿಯುತ್ತಲೇ ಇತ್ತು. ಮೊದಲಿಗೆ ಪದ್ಮಿನಿ ಅದನ್ನು ಕೊಳೆ ಎಂದೇ ತಿಳಿದಳು. ಎಷ್ಟು ಕಾಲದ ಒಲೆಯ ಹೊಗೆಯೋ, ಹೋಗಲಿ ಪೀಡೆ ಎಂದು ಇನ್ನಷ್ಟು ಉಪ್ಪು ಉದುರಿಸಿ, ನೆನೆದ ಹುಣಸೆಹಣ್ಣಿನಿಂದ ಇನ್ನೂ ಒತ್ತಿ ಉಜ್ಜಿದಳು. ನಲ್ಲಿ ತಿರುಗಿಸಿ ತೊಳೆದು ನೋಡಿದರೆ, ಶಿಲುಬೆಯಾಕಾರದ ಆ ಪದಕದ ನಡುವಿನ ಕಪ್ಪು ಚಕ್ಕೆ ಚಕ್ಕೆಯಾಗಿ ಎದ್ದುಬಂದಿತ್ತು. ಅದರಡಿಯಲ್ಲಿ ಹಳದಿ ಹೊಳಪು. ಅದೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೈಸೂರಿನ ಮನೆಯಲ್ಲಿ ಹಬ್ಬ ಬಂದಾಗಲೆಲ್ಲ ದೀಪದ ಕಂಬ, ಗಂಟೆ, ತಂಬಿಗೆ ಬೆಳಗಿದ ಕೈ ಅದು. ಹಿತ್ತಾಳೆ.

"ಅಯ್ಯೋ ಶಿವನೇ," ಎಂದು ಸಿಂಕಿನ ಅಂಚು ಹಿಡಿದು ನಿಂತಳು. ಅಲ್ಲಿ ಕಬ್ಬಿಣ ಇರಬೇಕಿತ್ತು.

ಪದಕ ಕೆಳಗಿನ ಮನೆಯ ಮೆವ್ರೌ ಕೆಸ್ಲರ್ ಅವರದ್ದು. ಮೆವ್ರೌ ಎಂದರೆ ಇಲ್ಲಿ ಅಮ್ಮಾವ್ರು ಅಂದ ಹಾಗೆ. ಹಾಲೆಂಡಿನ ಯುಟ್ರೆಕ್ಟ್‌ನ ಆ ಕಿರಿದಾದ ಇಟ್ಟಿಗೆ ಮನೆಯ ಯಜಮಾನಿ ಅವರು; ಮೇಲಿನ ಅಂತಸ್ತನ್ನು ಕೇಶವ, ಪದ್ಮಿನಿಯರಿಗೆ ಬಾಡಿಗೆಗೆ ಕೊಟ್ಟಿದ್ದರು. ಎರಡು ಸಾವಿರದ ಇಸವಿ ಬಂದೊಡನೆ ಲೋಕದ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಎಂಬ ಭಯದಲ್ಲಿ ಕಂಪನಿಗಳು ಬೆಂಗಳೂರಿನಿಂದ ಜನರನ್ನು ಕರೆಸಿಕೊಳ್ಳುತ್ತಿದ್ದ ಕಾಲ. ಕೇಶವ ಬೆಳಿಗ್ಗೆ ಸೈಕಲ್ ಹತ್ತಿ ಹೋದರೆ ಕತ್ತಲಾದ ಮೇಲೆಯೇ ಮನೆ ಕಾಣುತ್ತಿದ್ದ. ಪದ್ಮಿನಿಯ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಮೈಸೂರಿನ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದವಳು ಇಲ್ಲಿ ಬಂದು ಕಿಟಕಿಯಿಂದ ಕಾಲುವೆಯ ಬಾತುಕೋಳಿ ನೋಡುತ್ತಾ ಕೂತಿದ್ದಳು. ಹುಚ್ಚು ಹಿಡಿಯದೆ ಉಳಿದದ್ದು ಮೆವ್ರೌ ದೆಸೆಯಿಂದ.

ಮೆವ್ರೌ ಜೀವನವಿಡೀ ರಿಬ್ಬನ್ನು, ಗುಂಡಿ, ಲೇಸುಗಳ ಅಂಗಡಿ ನಡೆಸಿದವರು. ಹಳೆಯ ಜರ್ಮನ್ ಸಾಮ್ರಾಜ್ಯದ ಪದಕ ಕೂಡಿಡುವವರು ಹರಿದ ರಿಬ್ಬನ್ನಿಗೆ ಜೋಡಿ ಹುಡುಕಿಕೊಂಡು ಅವರಲ್ಲಿಗೆ ಬರುತ್ತಿದ್ದರಂತೆ. ಹಾಗೆ ಹತ್ತಿದ ಹುಚ್ಚು. ಅಂಗಡಿ ಮುಚ್ಚಿದ ಮೇಲೆ ಗುಂಡಿಗಳಿದ್ದ ಡ್ರಾಯರುಗಳಲ್ಲೆಲ್ಲ ಪದಕಗಳು, ಎದೆಯ ಮೇಲೆ ಸಾಲಾಗಿ ತೊಡುವ ರಿಬ್ಬನ್ ಪಟ್ಟಿಗಳು ತುಂಬಿಕೊಂಡವು. ಸತ್ತುಹೋದ ಸೈನಿಕನ ಹೆಸರು ಗೊತ್ತಿಲ್ಲದಿದ್ದರೂ ಆ ಪಟ್ಟಿಯಿಂದಲೇ ಅವನ ಬದುಕನ್ನು ಓದಬಹುದು ಎನ್ನುತ್ತಿದ್ದರು ಮೆವ್ರೌ. ಮೊದಲಿಗೆ ಕಪ್ಪು ಬಿಳುಪಿನ ರಿಬ್ಬನ್, ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಕೊಡುತ್ತಿದ್ದ ಕಬ್ಬಿಣದ ಶಿಲುಬೆಯದ್ದು. ಅದರ ಪಕ್ಕದ ಬಣ್ಣ ಅವನ ಸೀಮೆ ಯಾವುದೆಂದು ಹೇಳುತ್ತದೆ: ಕೆಂಪು ಬಿಳಿ ಇದ್ದರೆ ಹ್ಯಾಂಬರ್ಗಿನ ಕಡೆಯವನು, ಬಿಳಿಯ ಅಂಚಿಗೆ ನೀಲಿ ಕಪ್ಪು ಗೆರೆ ಇದ್ದರೆ ಬವೇರಿಯದವನು. ಪದ್ಮಿನಿಗೆ ಇದೇನು ಬ್ರಹ್ಮವಿದ್ಯೆ ಅನ್ನಿಸಲಿಲ್ಲ. ಸೀರೆಯ ಅಂಚು ನೋಡಿ ಇದು ಇಳಕಲ್, ಇದು ಮೊಳಕಾಲ್ಮೂರು ಎಂದು ಹೇಳುವವಳಿಗೆ ಇದೂ ಅಂಥದ್ದೇ. ರೇಷ್ಮೆ ರಿಬ್ಬನ್ನುಗಳ ಮಧ್ಯೆ ಸೇರಿಕೊಂಡಿದ್ದ ನೈಲಾನನ್ನು ಒಂದು ಸಲ ಅವಳು ಬರೀ ಬೆರಳಲ್ಲಿ ಮುಟ್ಟಿ ಗುರುತಿಸಿದಾಗ ಮೆವ್ರೌ ಖುಷಿಯಿಂದ ಮೇಜು ಗುದ್ದಿದ್ದರು.

"ಮೆಯ್ಶೆ, ನಿನಗೆ ಕಣ್ಣಿದೆ," ಎಂದಿದ್ದರು. ಮೆಯ್ಶೆ ಅಂದರೆ ಹುಡುಗಿ. ಇಬ್ಬರದೂ ಮುರುಕು ಇಂಗ್ಲಿಷು, ನಡುನಡುವೆ ಡಚ್ಚು; ಆದರೂ ಮಾತಿಗೆ ಬರವಿರಲಿಲ್ಲ.

ಮೆವ್ರೌ ಕುತ್ತಿಗೆಯಲ್ಲಿ ಯಾವಾಗಲೂ ರಿಬ್ಬನ್ನಿಗೆ ಕಟ್ಟಿದ, ಲಾಳದಾಕಾರದ ಪುಟ್ಟ ಆಯಸ್ಕಾಂತ ತೂಗುತ್ತಿತ್ತು. ಅಸಲಿ ಶಿಲುಬೆಗೆ ಸುತ್ತ ಬೆಳ್ಳಿಯ ಕಟ್ಟು, ನಡುವೆ ಕಪ್ಪು ಬಳಿದ ಕಬ್ಬಿಣ. ಆಯಸ್ಕಾಂತ ಕಚ್ಚಲಿಲ್ಲವೋ, ಅದು ನಕಲಿ. ಶನಿವಾರದ ಸಂತೆಯಲ್ಲಿ ಒಬ್ಬ ವ್ಯಾಪಾರಿ ತನ್ನ ಅಜ್ಜನದ್ದೆಂದು ಒಂದು ಶಿಲುಬೆ ತೋರಿಸಿದ್ದ. ಮೆವ್ರೌ ಆಯಸ್ಕಾಂತ ಇಟ್ಟರು. ಅದು ಜಾರಿ ಬಿತ್ತು. ನಾಲ್ಕು ಜನರ ಮುಂದೆ "ನಿನ್ನ ಅಜ್ಜ ತಾನು ಗಳಿಸದೇ ಇದ್ದದ್ದನ್ನು ತೊಟ್ಟವನು. ಅಂಥವನು ಕಳ್ಳನಿಗಿಂತ ಕಡೆ" ಎಂದು ಹೇಳಿ ಸರಸರ ಮುಂದೆ ಹೋದರು. ಆ ಮನುಷ್ಯನ ಮುಖ ಕಂಡು ಪದ್ಮಿನಿಗೆ ಪಾಪ ಅನ್ನಿಸಿತ್ತು.

ಹಾಗಂತ ಕಲ್ಲೆದೆಯ ಹೆಂಗಸೇನಲ್ಲ. ಅವರ ತಂದೆ ಹೈನ್ರಿಖ್ ಕೆಸ್ಲರ್ ಜರ್ಮನಿಯ ಚಕ್ರವರ್ತಿ ಕೈಸರನ ಸೈನ್ಯದಲ್ಲಿದ್ದವರು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಗಡಿ ದಾಟಿ ಹಾಲೆಂಡಿಗೆ ಬಂದು, ಇಲ್ಲಿಯ ಹೆಣ್ಣನ್ನು ಮದುವೆಯಾಗಿ, ರಿಬ್ಬನ್ ಅಂಗಡಿ ಹಾಕಿದರು. ಎರಡನೆಯ ಯುದ್ಧದಲ್ಲಿ ಜರ್ಮನರು ಈ ದೇಶವನ್ನು ಆಕ್ರಮಿಸಿ ಜನರನ್ನು ಹಸಿವಿಗಿಟ್ಟು ಕೊಂದು ಹೋದ ಮೇಲೆ ಬೀದಿಯ ಜನ ಅಂಗಡಿಯ ಗಾಜು ಒಡೆದರು. ಕೆಸ್ಲರ್ ಎಂಬ ಹೆಸರಿಗೆ ಉಗಿದರು. ಅಪ್ಪ ಅದೇ ಕೊರಗಿನಲ್ಲಿ ಸತ್ತರು. ಹೆಸರು ಬದಲಾಯಿಸು ಎಂದು ಎಲ್ಲರೂ ಹೇಳಿದರೂ ಮಗಳು ಬೋರ್ಡು ಇಳಿಸಲಿಲ್ಲ. ನನ್ನ ಅಪ್ಪ ಆ ಪಾಪಿಗಳ ಪೈಕಿ ಅಲ್ಲ, ಹಳೆಯ ಕಾಲದ ಮಾನವಂತ ಸೈನಿಕ, ಓಡಿಬಂದವನೂ ಅಲ್ಲ, ಧೈರ್ಯಕ್ಕೆ ಪದಕ ಪಡೆದವನು ಎಂದು ಕೇಳಿದವರಿಗೆಲ್ಲ ಅಡುಗೆಮನೆಯ ಗೋಡೆ ತೋರಿಸುತ್ತಿದ್ದರು. ಅಲ್ಲಿ ಗಾಜಿಲ್ಲದ ಚೌಕಟ್ಟಿನಲ್ಲಿ ಅಪ್ಪನ ಶಿಲುಬೆ ನೇತಾಡುತ್ತಿತ್ತು.

ಈಗ ಅದು ಪದ್ಮಿನಿಯ ಒದ್ದೆ ಅಂಗೈಯಲ್ಲಿ ಹೊಳೆಯುತ್ತಿತ್ತು.

ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೆವ್ರೌ ಆಸ್ಪತ್ರೆ ಸೇರಿದಾಗ, ಗಿಡಗಳಿಗೆ ನೀರು ಹಾಕಲೆಂದು ಕೀಲಿಕೈ ಕೊಟ್ಟಿದ್ದರು. ಡ್ರಾಯರಿನ ಪದಕಗಳನ್ನು ಬೆಳಗಬಾರದು, ಆ ಕಪ್ಪೇ ಅವುಗಳ ವಯಸ್ಸಿಗೆ ಸಾಕ್ಷಿ ಎಂದು ಎಂದೋ ಹೇಳಿದ್ದರು. ಪದ್ಮಿನಿಗೆ ಅದು ಚೆನ್ನಾಗಿ ನೆನಪಿತ್ತು. ಆದರೆ ಗೋಡೆಯ ಮೇಲಿನದ್ದು ಸಂಗ್ರಹದ್ದಲ್ಲವಲ್ಲ, ಮನೆಯ ಹಿರಿಯರದ್ದು. ಆಯುಧಪೂಜೆಯ ಹಿಂದಿನ ದಿನ ನೀರು ಹಾಕಲು ಹೋದವಳ ಕಣ್ಣಿಗೆ ಅದು ಜಿಡ್ಡು ಹಿಡಿದು ಅನಾಥವಾಗಿ ಕಂಡಿತು. ಅವಳ ಮುತ್ತಾತ ಈಶ್ವರಪ್ಪ ಮೈಸೂರಿನ ಕುದುರೆ ಪಡೆಯಲ್ಲಿದ್ದು ಅದೇ ಮೊದಲ ಮಹಾಯುದ್ಧಕ್ಕೆ ಹಡಗು ಹತ್ತಿದವರು. ಅವರ ಪದಕವನ್ನು ವರ್ಷವರ್ಷವೂ ಹುಣಸೆಹಣ್ಣು ಹಾಕಿ ಬೆಳಗಿ ಬೆಳಗಿ ಅದರ ಮೇಲಿದ್ದ ರಾಜನ ಮೂಗೇ ಸವೆದುಹೋಗಿತ್ತು. ಮನೆಯಲ್ಲಿ ಸೈನಿಕನ ವಸ್ತು ಇರುವಾಗ ಅದನ್ನು ತೊಳೆಯದೆ, ಕುಂಕುಮ ಇಡದೆ ಬಿಡುವುದುಂಟೇ? ಕೇಶವನ ಸೈಕಲ್ಲಿಗೂ ಕಂಪ್ಯೂಟರಿಗೂ ಪೂಜೆ, ಆ ಮುದುಕನಿಗೆ ಮಾತ್ರ ಇಲ್ಲವೇ? ಬೆಳ್ಳಿಯ ಅಂಚು ಹೊಳೆಯುವುದನ್ನು ಕಂಡು ಮೆವ್ರೌ ಸಂತೋಷಪಡುತ್ತಾರೆ ಎಂದುಕೊಂಡು, ಭಾರತೀಯ ಮೂಲದ ಸುರಿನಾಮಿಗಳ ಅಂಗಡಿಯಿಂದ ತಂದ ಹುಣಸೆಹಣ್ಣಿನಲ್ಲಿ ಅದನ್ನು ರಾತ್ರಿಯಿಡೀ ನೆನೆಹಾಕಿದ್ದಳು.

ಪೂಜೆ ಆಯಿತು, ಹೇಗಾಯಿತೋ. ಸೈಕಲ್ ಚಕ್ರದಡಿ ನಿಂಬೆಹಣ್ಣು ಇಟ್ಟಳು, ಕಂಪ್ಯೂಟರಿಗೆ ಹೂವು ಮುಡಿಸಿದಳು. ಶಿಲುಬೆಯನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಸಂಜೆ ಕೇಶವನಿಗೆ ಹೇಳಿದಾಗ ಅವನು ಟೈ ಬಿಚ್ಚುತ್ತಿದ್ದವನು ಹಾಗೇ ನಿಂತ.

"ಏನೇ ಇದು? ಮೊದಲೇ ಆಯಮ್ಮ ಸ್ಟ್ರಿಕ್ಟು. ಮನೆ ಖಾಲಿ ಮಾಡಿ ಅಂದ್ರೆ ಎಲ್ಲಿಗೆ ಹೋಗೋಣ?"

"ಮನೆ ಹೋಗ್ಲಿ ಬಿಡ್ರೀ. ಅವರಪ್ಪನ ಪದಕ ಸುಳ್ಳು ಅಂತ ಗೊತ್ತಾದ್ರೆ ಆ ಜೀವ ಉಳಿಯುತ್ತಾ? ಬೀದಿಯೋರೆಲ್ಲ ಉಗಿದಾಗ ಅದೊಂದನ್ನೇ ಹಿಡ್ಕೊಂಡು ಬದುಕಿದ್ದಾರೆ ಕಣ್ರೀ."

"ಸುಳ್ಳು ಅಂತ ಯಾಕೆ ಅಂತೀಯ? ಒರಿಜಿನಲ್ ಕಳ್ಕೊಂಡು ಡೂಪ್ಲಿಕೇಟ್ ಮಾಡಿಸ್ಕೊಂಡಿರಬಹುದು."

"ಅವರು ಹಾಗೆ ಅಂದ್ಕೊಳ್ಳಲ್ಲ. ಸಂತೇಲಿ ಆ ಮನುಷ್ಯನ್ನ ಏನಂದ್ರು ಗೊತ್ತಾ ನಿಮಗೆ?"

ಮಾರನೆಯ ದಿನ ಊಟದ ಬಿಡುವಿನಲ್ಲಿ ಕೇಶವ ಆಟಿಕೆ ವಿಮಾನಗಳಿಗೆ ಬಳಿಯುವ ಕಪ್ಪು ಬಣ್ಣದ ಚಿಕ್ಕ ಡಬ್ಬಿ, ಒಂದು ಬ್ರಷ್ಷು ತಂದು ಮೇಜಿನ ಮೇಲಿಟ್ಟ. "ಬಳಿದ್ಬಿಡು. ಯಾರಿಗೂ ಗೊತ್ತಾಗಲ್ಲ. ಇಷ್ಟು ವರ್ಷ ಅವರು ಅದಕ್ಕೆ ಮ್ಯಾಗ್ನೆಟ್ ಇಟ್ಟು ನೋಡಿಲ್ಲ ತಾನೆ?" ಎಂದು ಹೇಳಿ ಮತ್ತೆ ಸೈಕಲ್ ಹತ್ತಿದ.

ಹೌದಲ್ಲ, ಎಂದುಕೊಂಡಳು ಪದ್ಮಿನಿ. ಕಂಡಕಂಡ ಪದಕಕ್ಕೆಲ್ಲ ಆಯಸ್ಕಾಂತ ಇಡುವ ಮೆವ್ರೌ ಅಡುಗೆಮನೆಯ ಗೋಡೆಯ ಬಳಿಗೆ ಅದನ್ನು ಒಯ್ದದ್ದನ್ನು ಅವಳು ಒಂದು ದಿನವೂ ನೋಡಿರಲಿಲ್ಲ. ಬ್ರಷ್ಷು ಕೈಗೆತ್ತಿಕೊಂಡಳು. ಅದ್ದಿದಳು. ಬಳಿಯಲು ಕೈ ಬರಲಿಲ್ಲ. ತಾನು ಮಾಡಿದ್ದನ್ನು ಮುಚ್ಚಿಡುವುದೋ, ಮೆವ್ರೌ ಅಪ್ಪ ಮಾಡಿದ್ದನ್ನು ಮುಚ್ಚಿಡುವುದೋ ತಿಳಿಯದೆ ಅಳು ಬಂತು. ಬ್ರಷ್ಷು ತೊಳೆದಿಟ್ಟಳು. ಅಷ್ಟರಲ್ಲಿ ಕೆಳಗೆ ಟ್ಯಾಕ್ಸಿ ನಿಂತ ಸದ್ದಾಯಿತು. ಪದಕವನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಕೆಳಗೆ ಓಡಿದಳು.

ಮೆವ್ರೌ ಸೊರಗಿದ್ದರು. ಎರಡು ಕೋಲು ಊರಿಕೊಂಡು ಬಾಗಿಲು ದಾಟಿದವರು ಗಿಡಗಳ ಕಡೆ ಕಣ್ಣೆತ್ತಿಯೂ ನೋಡದೆ ನೇರ ಅಡುಗೆಮನೆಗೆ ಬಂದರು. ಕುರ್ಚಿಯಲ್ಲಿ ಕೂತು ಉಸಿರು ತೆಗೆದುಕೊಂಡು ಗೋಡೆ ನೋಡಿದರು. ಚೌಕಟ್ಟು ಖಾಲಿಯಾಗಿತ್ತು.

"ನನ್ನ ಅಪ್ಪ ಎಲ್ಲಿ?"

ಪದ್ಮಿನಿ ಸ್ವೆಟರಿನ ಜೇಬಿನಿಂದ ಕರವಸ್ತ್ರ ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಮೆವ್ರೌ ಅದನ್ನು ಮುಟ್ಟಲಿಲ್ಲ. ಕಿಟಕಿಯ ಮಂಕು ಬೆಳಕಿನಲ್ಲೂ ಹಿತ್ತಾಳೆ ನಾಚಿಕೆಯಿಲ್ಲದೆ ಹೊಳೆಯುತ್ತಿತ್ತು. ಬೆಳ್ಳಿಯ ಕಟ್ಟಿನ ಸಂದಿಯಲ್ಲಿ ಕುಂಕುಮ ಕೂತಿತ್ತು.

"ನೀನು ಉಜ್ಜಿದ್ದೀಯ."

"ಹೌದು ಮೆವ್ರೌ. ನಮಗೆ ಹಬ್ಬ ಇತ್ತು. ಆಯುಧಗಳಿಗೆ, ಸೈನಿಕರ ವಸ್ತುಗಳಿಗೆ ಪೂಜೆ ಮಾಡೋ ದಿನ. ನಮ್ಮ ಮುತ್ತಾತನ ಪದಕಕ್ಕೂ ಹೀಗೇ ಮಾಡ್ತಿದ್ವಿ. ನಿಮ್ಮ ಅಪ್ಪನನ್ನ ಬಿಟ್ಟು ಪೂಜೆ ಮಾಡೋಕೆ ಮನಸ್ಸಾಗಲಿಲ್ಲ."

"ಉಜ್ಜಬೇಡ ಅಂತ ಹೇಳಿರಲಿಲ್ಲವಾ?"

"ಡ್ರಾಯರಿನದ್ದು ಅಂದಿರಿ. ಇದು ಮನೆಯವರದ್ದು ಅಂದ್ಕೊಂಡೆ. ತಪ್ಪಾಯ್ತು ಮೆವ್ರೌ. ನನ್ನ ಕೈ ಕತ್ತರಿಸಿಹೋಗಬೇಕಿತ್ತು." ಅವಳು ಕರವಸ್ತ್ರದ ಅಂಚು ಎಳೆದು ಸರಿಮಾಡಿದಳು. "ನನ್ನ ಗಂಡ ಬಣ್ಣ ತಂದಿದ್ದಾರೆ. ಬಳಿದು ಮೊದಲಿನ ಹಾಗೆ ನೇತುಹಾಕು ಅಂದರು. ನಿಮಗೆ ಮೋಸ ಮಾಡೋಕೆ ನನ್ನಿಂದ ಆಗಲಿಲ್ಲ."

ಮೆವ್ರೌ ಕುತ್ತಿಗೆಯ ಆಯಸ್ಕಾಂತವನ್ನು ಹಿಡಿದುಕೊಂಡರು. ಹೆಬ್ಬೆರಳಿನಿಂದ ಅದನ್ನು ತಿರುವುತ್ತಾ ಕೂತರು. ಈಗ ಇಡುತ್ತಾರೆ, ಈಗ ಜಾರಿ ಬೀಳುತ್ತದೆ ಎಂದು ಪದ್ಮಿನಿ ಕಾದು ನಿಂತಳು. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಎಲ್ಲಿದೆ ಆ ಬಣ್ಣ?" ಎಂದರು ಮೆವ್ರೌ.

ಪದ್ಮಿನಿ ಮೇಲೆ ಓಡಿ ಡಬ್ಬಿ, ಬ್ರಷ್ಷು ತಂದಳು. ಮೆವ್ರೌ ಮುಚ್ಚಳ ತೆಗೆದು ಮೂಸಿ ನೋಡಿ ಮುಖ ಕಿವಿಚಿದರು. ಮೇಜಿನ ಮೇಲೆ ಹಳೆಯ ಪೇಪರು ಹಾಸಿಸಿ, ಪದ್ಮಿನಿಯನ್ನು ಎದುರು ಕೂರಿಸಿ, ಡಬ್ಬಿಯನ್ನು ಅವಳ ಕೈಗೆ ಕೊಟ್ಟು, "ಇದನ್ನ ಹಿಡ್ಕೋ, ಅಲುಗಾಡಿಸಬೇಡ," ಎಂದರು. ಶಿಲುಬೆಯನ್ನು ಎಡಗೈಯಲ್ಲಿ ಹಿಡಿದು ಬ್ರಷ್ಷು ಅದ್ದಿದರು. ರಿಬ್ಬನ್ ಕತ್ತರಿಸಿ ಪಳಗಿದ ಬೆರಳುಗಳು. ಆಸ್ಪತ್ರೆಯಿಂದ ಬಂದ ದಿನವೂ ಅಂಚು ದಾಟದೆ ಬಳಿದವು.

"ಅಪ್ಪ ಪ್ರತಿ ಚಳಿಗಾಲಕ್ಕೂ ಇದಕ್ಕೆ ಕಪ್ಪು ಹಚ್ಚುತ್ತಿದ್ದರು," ಎಂದರು ಬ್ರಷ್ಷಿನಿಂದ ಕಣ್ಣೆತ್ತದೆ. "ಇದೇ ಮೇಜಿನ ಮೇಲೆ. ನೀನು ಕೂತಿದ್ದೀಯಲ್ಲ, ಅಲ್ಲಿ ನಾನು ಡಬ್ಬಿ ಹಿಡ್ಕೊಂಡು ಕೂತಿರುತ್ತಿದ್ದೆ. ಅಮ್ಮ ಮನೆಯಲ್ಲಿ ಇಲ್ಲದಾಗ ಮಾತ್ರ. ಯಾಕಪ್ಪಾ ಅಂತ ಕೇಳಿದರೆ, ಕಬ್ಬಿಣ ನೋಡು ಲೀನಾ, ಹಚ್ಚದಿದ್ದರೆ ತುಕ್ಕು ಹಿಡಿಯುತ್ತೆ ಅನ್ನುತ್ತಿದ್ದರು."

ಪದ್ಮಿನಿ ಡಬ್ಬಿ ಅಲುಗದಂತೆ ಹಿಡಿದಳು.

ಬಣ್ಣ ಮುಗಿಯಿತು. ಹಿತ್ತಾಳೆ ಎಲ್ಲೂ ಕಾಣಲಿಲ್ಲ. ಮೆವ್ರೌ ಶಿಲುಬೆಯನ್ನು ಕಿಟಕಿಯ ಕಟ್ಟೆಯ ಮೇಲೆ ಒಣಗಲು ಇಟ್ಟು, ಕೈ ಒರೆಸಿಕೊಂಡು, ಕುತ್ತಿಗೆಯ ರಿಬ್ಬನ್ನನ್ನು ತಲೆಯ ಮೇಲಿಂದ ತೆಗೆದರು. ಆಯಸ್ಕಾಂತ ಅದರ ತುದಿಯಲ್ಲಿ ತೂಗಾಡಿತು.

"ತೊಗೋ. ಮೇಲೆ ನಿನ್ನ ಮನೆಯಲ್ಲಿರಲಿ."

"ಮೆವ್ರೌ, ಶನಿವಾರ ಸಂತೆಗೆ ಬೇಕಲ್ಲ ನಿಮಗೆ?"

"ಅಜ್ಜನ ಶಿಲುಬೆ ತೋರಿಸಿದ್ದನಲ್ಲ, ಆ ಮನುಷ್ಯ ಇನ್ನೂ ಬರುತ್ತಾನೇನೋ," ಎಂದರು ಮೆವ್ರೌ. ಆಮೇಲೆ, "ಕಾಫಿ ಮಾಡು. ನಿಮ್ಮ ಕಾಫಿ, ಹಾಲು ಹಾಕಿದ್ದು," ಎಂದು ಕಿಟಕಿಯ ಕಡೆ ತಿರುಗಿ ಕೂತರು. ಅವರ ಬೆನ್ನು ಅಲುಗುತ್ತಿತ್ತು. ಪದ್ಮಿನಿ ಹತ್ತಿರ ಹೋಗಿ ಭುಜದ ಮೇಲೆ ಕೈ ಇಟ್ಟಳು. ಅವರು ಆ ಕೈ ಸರಿಸಲಿಲ್ಲ.

ಕತ್ತಲಾಗುವ ಮುಂಚೆ ಮೇಲೆ ಬಂದು, ಮೆವ್ರೌ ಕೊಟ್ಟದ್ದನ್ನು ಎಲ್ಲಿಡುವುದೆಂದು ತಿಳಿಯದೆ ಪದ್ಮಿನಿ ಒಲೆಯ ಪಕ್ಕಕ್ಕೆ ಒರಗಿಸಿಟ್ಟಿದ್ದ ದೋಸೆ ಕಾವಲಿಯ ಬಳಿ ಹಿಡಿದಳು. ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದ ಕಬ್ಬಿಣದ ಕಾವಲಿ. ಆಯಸ್ಕಾಂತ ಟಕ್ಕೆಂದು ಹೋಗಿ ಕಚ್ಚಿಕೊಂಡಿತು. ಮರುದಿನದ ದೋಸೆಗೆ ಹಿಟ್ಟು ಹುದುಗಿತ್ತು. ತೆಗೆಯಬೇಕಲ್ಲ ಎಂದು ರಿಬ್ಬನ್ ಹಿಡಿದು ಎಳೆದಳು. ಅದು ಬಿಡಲಿಲ್ಲ.