ಹಸುಬೆಯ ತಳದಲ್ಲಿ ಉಳಿದ ಡಬ್ಬಿ

ಗುಡಾರದ ಹೊಗೆಕಿಂಡಿಯ ಮೇಲೆ ಕಂಬಳಿ ಎಳೆದರೂ ಬೆಳಕು ನುಸುಳುತ್ತಿದೆ, ಅಗೋ, ಕಾಸಿನಗಲ, ಮೊಮ್ಮಗಳು ಜಿಬೆಕ್ ಕಟ್ಟಿದ ಬಿಳಿ ದುಪ್ಪಟಿಯ ಮೇಲೆ ಕೂತಿದೆ, ಸರಿಯಾಗಿ ಮುಚ್ಚೇ, ಏನೂ ಕಾಣಲ್ಲ, ಅಂತ ಯಾರೋ ಕೂಗುತ್ತಿದ್ದಾರೆ — ಕಾಣದಿದ್ದರೇ ಒಳ್ಳೆಯದಿತ್ತು, ಈ ಹುಡುಗಿಗೆ ಬೇರೆ ಕೆಲಸವಿರಲಿಲ್ಲವೇ, ಬೆಳಿಗ್ಗೆ ಚಹಾ ಕುಡಿಯುತ್ತ ಎಲ್ಲರನ್ನೂ ಕೇಳಿದಳು, ಹತ್ತು ಸಲ ನೋಡಿದ್ರೂ ಬೇಜಾರಾಗದ ಪಿಕ್ಚರ್ ಯಾವ್ದು ಹೇಳಿ, ನನ್ನ ಮಗ ನಗಿಸುವುದೊಂದನ್ನು ಹೇಳಿದ, ಸೊಸೆ ಅಳಿಸುವುದೊಂದನ್ನು, ಪಕ್ಕದ ಗುಡಾರದ ಉಮ್ಸುನಾಯ್ ಅಕ್ಕ, ಎಂಬತ್ತಾರರ ಬೊಚ್ಚುಬಾಯಿ ಅಗಲಿಸಿ, ಇನ್ಯಾವ್ದೇ, ನಿಮ್ಮಜ್ಜಿ ಸಾಯ್ರಾ ತರ್ತಿದ್ಲಲ್ಲ, ಆ ಕುದುರೆ ಪಿಕ್ಚರ್ರು, ಅಂದಳು, ಜಿಬೆಕ್ ಫೋನಿನಲ್ಲಿ ಹುಡುಕಿ ತೆಗೆದು ಪುಟ್ಟ ಪ್ರೊಜೆಕ್ಟರಿಗೆ ಜೋಡಿಸಿಯೇಬಿಟ್ಟಳು, ಪೂರ್ತಿ, ಸರಿಯಾದ ಕ್ರಮದಲ್ಲಿ.

ಅದನ್ನು ಮೊದಲು ತಂದ ಬೇಸಿಗೆ ನನಗೆ ಇಪ್ಪತ್ತೆರಡು, ಊರೂರಿಗೆ ಪಿಕ್ಚರ್ ತೋರಿಸುವ ಕೆಲಸಕ್ಕೆ ಹೊಸಬಳು, ಈ ಹುಲ್ಲುಗಾವಲಿಗೆ ಲಾರಿ ಹತ್ತುವುದಿಲ್ಲ, ರೀಲಿನ ಐದು ಡಬ್ಬಿಗಳನ್ನು ಕುದುರೆಯ ಮೇಲೆ ಹಸುಬೆಗೆ, ಆ ಜೋಡಿಚೀಲಕ್ಕೆ, ಹಾಕಿ ತೂಕ ಸರಿಮಾಡಿಕೊಂಡು ಬರಬೇಕು, ಆ ಕಡೆ ಮೂರು, ಈ ಕಡೆ ಎರಡು ಮತ್ತು ಹಿಟ್ಟಿನ ಚೀಲ — ಚೀಲದಡಿ ಎರಡನೆಯ ಡಬ್ಬಿ ಉಳಿದದ್ದು ತಿಳಿಯಲೇ ಇಲ್ಲ, ಒಂದು, ಮೂರು, ನಾಲ್ಕು, ಐದು ಹಾಕಿದೆ, ಕಣಿವೆ ದಾರಿಯಲ್ಲಿ ಹಿಮ ಕುಸಿದು ಪಿಕ್ಚರಿನ ಸವಾರ ಹೂತುಹೋದ, ಕುದುರೆ ಖಾಲಿ ಜೀನು ಹೊತ್ತು ಮನೆಗೆ ಬಂತು, ಮುಂದೆ ಕೂತಿದ್ದ ಉಮ್ಸುನಾಯ್ ಅಕ್ಕ ಕೂಗಿಕೊಂಡಳು, ಅವಳ ಗಂಡ ಹೋದದ್ದೂ ಹೀಗೇ, ಹಿಂದಿನ ಚಳಿಗಾಲದಲ್ಲಿ, ಹೆಣವೂ ಸಿಗಲಿಲ್ಲ, ನನಗೆ ಯಾರೂ ಹೇಳಿರಲಿಲ್ಲ — ಗಾಬರಿಯಲ್ಲಿ ಹಸುಬೆ ತಡಕಿದೆ, ಡಬ್ಬಿ ಸಿಕ್ಕಿತು, ಹಾಕಿದೆ, ಅಬ್ಬಾ, ಇಳಿಜಾರಿನಲ್ಲಿ ಅವನೇ ಬರುತ್ತಿದ್ದಾನೆ, ವಸಂತದ ಹುಲ್ಲು, ಅದೇ ಕುದುರೆ, ಹೆಂಡತಿ ಎರಡೂ ಕೈಯಲ್ಲಿ ಬಟ್ಟಲು ಎತ್ತಿ ಹಿಡಿದಿದ್ದಾಳೆ, ಹುಳಿ ಬಂದ ಕುದುರೆ ಹಾಲು ತುಳುಕುತ್ತಿದೆ, ಅವನು ಕುಡಿಯುತ್ತಾನೆ, ಸತ್ತವನು ಮನೆಗೆ ಬಂದೇಬಿಟ್ಟ. ಮುಂದಿನ ಬೇಸಿಗೆ, ಅದನ್ನೇ ತಾರೇ, ಅಂದಳು ಅಕ್ಕ, ಅಷ್ಟರಲ್ಲಿ ನನಗೆ ನನ್ನ ತಪ್ಪು ಗೊತ್ತಾಗಿತ್ತು, ಆದರೂ ಬೇಕೆಂದೇ ಎರಡನೆಯದನ್ನು ಕೊನೆಗೆ ಹಾಕಿದೆ, ಹತ್ತೊಂಬತ್ತು ಬೇಸಿಗೆ ಹಾಗೇ ಹಾಕಿದೆ, ಯಾರಿಗೂ ಬಾಯಿಬಿಡಲಿಲ್ಲ.

ಈಗ ನೋಡು, ಬಟ್ಟಲು ಆಗಲೇ ಬಂದು ಹೋಯಿತು, ಅಕ್ಕ ಮಿಸುಕಲಿಲ್ಲ, ಚಹಾದ ಬಟ್ಟಲು ಮಡಿಲಲ್ಲೇ ಇದೆ, ಹಿಮ ಕುಸಿಯಿತು, ಖಾಲಿ ಜೀನು ಬಂತು, ದುಪ್ಪಟಿ ಬರಿದಾಯಿತು, ಅವಳ ಮುಖ ನಾನು ನೋಡಲಾರೆ — ಎಲ್ಲೇ ಅವನು, ಅಂದಳು ಅಕ್ಕ. ಮುಗೀತಲ್ಲ ಅಜ್ಜಿ, ಸತ್ತೋದ್ನಲ್ಲ, ಅಂದಳು ಜಿಬೆಕ್. ಸತ್ತಿದ್ದು ನಂಗೊತ್ತಿಲ್ವೇನೇ, ಮಂಕೇ, ಆ ವರ್ಷಾನೇ ಪೇಟೆಗೆ ಹೋಗಿ ಟಾಕೀಸಲ್ಲಿ ನೋಡ್ಕೊಂಡು ಬಂದೆ, ಹಿಂಗೆ ತೋರ್ಸೋಕೆ ಎಲ್ಲರಿಗೂ ಬರತ್ತೆ, ಕೊಡೇ ಅದನ್ನ ಸಾಯ್ರಾ ಕೈಗೆ. ದೇವರೇ, ಗೊತ್ತಿತ್ತು, ಹತ್ತೊಂಬತ್ತು ಬೇಸಿಗೆಯೂ ಗೊತ್ತಿತ್ತು, ಗೊತ್ತಿದ್ದೂ ಮುಂದಿನ ಸಾಲಲ್ಲಿ ಬಂದು ಕೂತಳು, ಎಂಥ ಹೆಂಗಸು ಇವಳು, ಫೋನಿನ ಗೆರೆಯನ್ನು ಹಿಂದಕ್ಕೆ ಎಳೆಯುತ್ತೇನೆ, ಜೀನು, ಹಿಮ, ಇನ್ನೂ ಹಿಂದಕ್ಕೆ, ಹುಲ್ಲು, ಇಳಿಜಾರು, ಅವನು, ಅವನೇ, ಬರುತ್ತಿದ್ದಾನೆ — ದುಪ್ಪಟಿಯ ಮೇಲೆ ಬಟ್ಟಲು, ದುಪ್ಪಟಿಯ ಮುಂದೆ ಅಕ್ಕನ ಕೈಗಳು ಮೇಲೇಳುತ್ತಿವೆ, ಎರಡೂ ಕೈಯಲ್ಲಿ ಬಟ್ಟಲು, ಎತ್ತಿ ಹಿಡಿದ ಬಟ್ಟಲು —